ಜೀಪಿನ ಮುಳ್ಳು ಜಿಗಿದ ದಿನ

ನನಗೊಂದು ಕೆಟ್ಟ ಚಟವಿದೆ. ಯಾರ ವಾಹನದಲ್ಲಿ ಕೂತರೂ ಮೊದಲು ಕಣ್ಣು ಹೋಗುವುದು ಡ್ರೈವರನ ಮುಂದಿರುವ ಮೀಟರುಗಳ ಕಡೆಗೆ. ವೇಗದ ಗೊಡವೆ ನನಗಿಲ್ಲ. ಎಂಜಿನ್ನಿನ ಕಾವು ತೋರಿಸುವ ಮುಳ್ಳು ಎಲ್ಲಿದೆ ಎಂದು ಹುಡುಕುತ್ತೇನೆ. ಬಾಡಿಗೆ ಕಾರುಗಳಲ್ಲಿ ಹೀಗೆ ಕತ್ತು ಉದ್ದ ಮಾಡಿ ಇಣುಕಿ, ಈ ಮುದುಕಿ ತನ್ನ ಮೇಲೆ ಕಣ್ಣಿಟ್ಟಿದ್ದಾಳೆ ಎಂಬ ಅನುಮಾನವನ್ನು ಎಷ್ಟೋ ಡ್ರೈವರುಗಳಲ್ಲಿ ಹುಟ್ಟಿಸಿದ್ದೇನೆ. ಈಚಿನ ಕೆಲವು ಕಾರುಗಳಲ್ಲಂತೂ ಮುಳ್ಳೇ ಇರುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಕೆಂಪು ದೀಪ ಹತ್ತುತ್ತದಂತೆ. ಮೊನ್ನೆ ಒಬ್ಬ ಡ್ರೈವರ್ ಸಮಾಧಾನ ಹೇಳಿದ: “ಸೆನ್ಸರ್ ಐತ್ರಿ ಅಕ್ಕೋರ, ಏನರ ಆದ್ರ ಅದಾ ಹೇಳತೈತಿ.”

“ಅದರ ವೈರು ನೆಟ್ಟಗ ಐತೇನಪಾ?” ಎಂದು ಕೇಳಿಬಿಟ್ಟೆ. ಅವನು ಮನೆ ಬರುವವರೆಗೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಸೆನ್ಸರ್ ಎಂಬ ಶಬ್ದ ನಮ್ಮ ಕಾಲಕ್ಕೆ ಸವಣೂರಿಗೆ ಬಂದಿರಲಿಲ್ಲ. ವಸ್ತು ಮಾತ್ರ ನಮ್ಮ ಬಸಣ್ಣ ಕಾಕಾನ ಜೀಪಿನ ಜೊತೆಗೆ ಬಂದಿತ್ತು. ಕಾಕಾ ಎಂದರೆ ಅಪ್ಪನ ತಮ್ಮ. ನನಗಿಂತ ಹನ್ನೆರಡೇ ವರ್ಷ ದೊಡ್ಡವನಾದ್ದರಿಂದ ನಾವು ಅಕ್ಕತಂಗಿಯರು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಎಪ್ಪತ್ತರ ದಶಕದ ಮೊದಲಲ್ಲಿ ಅವನು ಯಾರೋ ಬಳಸಿ ಬಿಟ್ಟಿದ್ದ ಜೀಪೊಂದನ್ನು ತಂದ. ಅಪ್ಪನದು ವೀಳ್ಯದೆಲೆಯ ವ್ಯಾಪಾರ. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಎಲೆಯ ಪೆಂಡಿಗಳು ಜೀಪಿನ ಹಿಂಭಾಗದಲ್ಲಿ, ನಾವು ಪೆಂಡಿಗಳ ಮೇಲೆ. ಹುಲಗೂರಿನ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬರುವಾಗ ಆ ಸಕ್ಕರೆ ಮನೆ ಮುಟ್ಟುವ ಮೊದಲೇ ಅರ್ಧ ಆಗಿರುತ್ತಿತ್ತು. ಪೆಟ್ರೋಲು, ಒದ್ದೆ ಗೋಣಿ, ಹಸಿ ಎಲೆ ಮೂರೂ ಕೂಡಿದ ಒಂದು ವಾಸನೆ ಆ ಜೀಪಿಗೆ ಇತ್ತು. ಅದನ್ನು ಈಗ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಮಾರಿದರೆ ನಾನೊಬ್ಬಳೇ ಗಿರಾಕಿ.

ಎಂಜಿನ್ನಿನ ತಲೆಯ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆಯ ಗೂಟ ಇರುತ್ತಿತ್ತು. ಅದರ ತುದಿ ಒಳಗಿನ ನೀರಿನಲ್ಲಿ ಮುಳುಗಿರುತ್ತದೆ. ಮಿಸ್ತ್ರಿಗಳು ಅದನ್ನು ಬಲ್ಬು ಅನ್ನುತ್ತಿದ್ದರು, ಎಂದೂ ಉರಿಯದ ಬಲ್ಬು. ಅದರಿಂದ ಹೊರಟ ಒಂದೇ ಒಂದು ವೈರು ಡ್ರೈವರನ ಮುಂದಿನ ಮೀಟರಿಗೆ ಹೋಗಿ, ನೀರು ಎಷ್ಟು ಕಾದಿದೆ ಎಂದು ಮುಳ್ಳಿನ ಮೂಲಕ ಹೇಳುತ್ತದೆ. ಮುಳ್ಳು ನಡುವೆ ಇದ್ದರೆ ಎಲ್ಲ ಸುಖ. ಬಲಕ್ಕೆ ಏರಿತೆಂದರೆ ನೀರು ಕುದಿಯುತ್ತಿದೆ ಎಂದರ್ಥ.

ಇದೇ ಜೀಪಿನಲ್ಲಿ ಅಪ್ಪನನ್ನು ಆಸ್ಪತ್ರೆಗೆ ಒಯ್ಯುವಾಗ ಹತ್ತಿಮತ್ತೂರಿನ ಹತ್ತಿರ ಎಂಜಿನ್ ಕುದಿದು ನಿಂತುಹೋಯಿತು. ಬೇಸಿಗೆಯ ಮಧ್ಯಾಹ್ನ, ಅಪ್ಪನಿಗೆ ಎದೆನೋವು. ಇನ್ನೊಂದು ಗಾಡಿ ಸಿಗುವ ಹೊತ್ತಿಗೆ ಅಪ್ಪ ಇರಲಿಲ್ಲ. ನಾನಾಗ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. “ಮೀಟರು ಕೆಟ್ಟಿತ್ತು, ಗೊತ್ತಾಗಲಿಲ್ಲ” ಎಂದು ಕಾಕಾ ಹೇಳಿದ. ಮನೆಯಲ್ಲಿ ಯಾರೂ ಅವನನ್ನು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ. ಎಂಜಿನ್ ಬಿಚ್ಚಿಸಿ ಮತ್ತೆ ಕಟ್ಟಿಸಿದ ಮೇಲೆ ಕಾಕಾ ರಸ್ತೆ ನೋಡಿದ್ದಕ್ಕಿಂತ ಮುಳ್ಳು ನೋಡಿದ್ದೇ ಹೆಚ್ಚು. ಕೂದಲೆಳೆಯಷ್ಟು ಏರಿದರೂ ಜೀಪು ನಿಲ್ಲಿಸಿ, ಬಾನೆಟ್ ಎತ್ತಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದ. ಅವನ ಜೊತೆ ಹೊರಟರೆ ಊಟದ ಹೊತ್ತಿಗೆ ಮುಟ್ಟುತ್ತೇವೆಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಸವಣೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ‘ಅಕ್ಕೋರು’ ಆಗಿದ್ದೆ. ಕರೆಂಟಿನ ಪಾಠ ನನ್ನದು ಹೆಸರುವಾಸಿ. ಬ್ಯಾಟರಿ, ಬಲ್ಬು, ಸ್ವಿಚ್ಚು, ವೈರು ಎಲ್ಲವನ್ನೂ ಬಣ್ಣಬಣ್ಣದ ಚಾಕಿನಲ್ಲಿ ರಂಗೋಲಿಯ ಹಾಗೆ ಬರೆಯುತ್ತಿದ್ದೆ. ಮನೆಯಲ್ಲಿ ಫ್ಯೂಜು ಹೋದರೆ ಮಾತ್ರ ಎದುರುಮನೆಯವರನ್ನು ಕೂಗುತ್ತಿದ್ದೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಹಾಕುವಾಗ ಕಟ್ಟಿಗೆಯ ಮಣೆಯ ಮೇಲೆ ನಿಂತು, ಕಣ್ಣು ಮುಚ್ಚಿ ಹಾಕುತ್ತಿದ್ದೆ. ಕಣ್ಣು ಮುಚ್ಚಿದರೆ ಕರೆಂಟು ಹೊಡೆಯುವುದಿಲ್ಲ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಗೊತ್ತು.

ಹಿರೇಕೆರೂರಿನ ಹತ್ತಿರದ ಒಂದು ಹಳ್ಳಿಗೆ ನಮ್ಮ ಶಾಂತಕ್ಕನನ್ನು ಕೊಟ್ಟಿದ್ದೆವು. ಅವಳ ಮೊದಲ ಕೂಸು ಹೆರಿಗೆಯಲ್ಲಿ ಉಳಿದಿರಲಿಲ್ಲ. ಎರಡನೆಯದು ಆಸ್ಪತ್ರೆಯಲ್ಲೇ ಆಗಬೇಕು ಎಂದು ಡಾಕ್ಟರು ತಾಕೀತು ಮಾಡಿದ್ದರು. ಎಂಟನೆಯ ತಿಂಗಳು ಮುಗಿಯುತ್ತ ಬಂದಾಗ ಅವಳನ್ನು ತವರಿಗೆ ಕರೆದುಕೊಂಡು ಬರಲು ಕಾಕಾನೂ ನಾನೂ ಹೋದೆವು. ಮುಂಗಾರಿನ ಬಿತ್ತನೆಯ ಗಡಿಬಿಡಿ. ಅಕ್ಕನ ಗಂಡ ಎರಡು ದಿನ ಬಿಟ್ಟು ಬರುತ್ತೇನೆಂದು ಹೊಲಕ್ಕೆ ಹೋದರು. ಅವಳ ಅತ್ತೆ ರೊಟ್ಟಿಯ ಬುತ್ತಿ ಕಟ್ಟಿ, ಒಂದು ಕ್ಯಾನಿನಲ್ಲಿ ಕುಡಿಯುವ ನೀರು ತುಂಬಿಕೊಟ್ಟು, “ಸಾವಕಾಶ ಹೋಗ್ರಿ ಬಸಣ್ಣಾರ” ಎಂದರು. ಆ ಮಾತು ಹೇಳುವ ಅಗತ್ಯವೇ ಇರಲಿಲ್ಲ.

ಬೆಳಗಿನ ಹೊತ್ತಿಗೆ ಹೊರಟೆವು. ಹಿಂದಿನ ಉದ್ದ ಸೀಟಿಗೆ ಎರಡು ಕೌದಿ ಹಾಸಿ ಅಕ್ಕನನ್ನು ಒರಗಿಸಿದ್ದೆವು. ಹಾನಗಲ್ಲಿನ ದಾರಿಯಲ್ಲಿ ಒಂದು ಗುಂಡಿಗೆ ಗಾಲಿ ಇಳಿದು ಎದ್ದದ್ದೇ ತಡ, ಮುಳ್ಳು ಬಲತುದಿಗೆ ಹೋಗಿ ನಿಂತಿತು. ಜೀಪು ಬೇವಿನ ಮರದ ಕೆಳಗೆ ನಿಂತಿತು. ಬಾನೆಟ್ ಎತ್ತಿದರೆ ಹಬೆ ಇಲ್ಲ, ಸದ್ದಿಲ್ಲ. ಆದರೂ ಮುಕ್ಕಾಲು ತಾಸು ಕಾದೆವು. ಮತ್ತೆ ಹೊರಟು ಎರಡು ಮೈಲು ಹೋಗುವಷ್ಟರಲ್ಲಿ ಮತ್ತೆ ಅದೇ. ಮತ್ತೆ ಮರ, ಮತ್ತೆ ಬಾನೆಟ್. ನಾಲ್ಕನೆಯ ಸಲ ನಿಂತಾಗ ಅಕ್ಕ ಕೇಳಿದಳು: “ಕಾಕಾ, ಈ ದಾರ್ಯಾಗ ಎಷ್ಟು ಬೇವಿನ ಮರ ಅದಾವ ಅಂತ ಎಣಿಸಾಕ ಹೊಂಟೇವೇನು?” ಕಾಕಾ ಬಾನೆಟ್ಟಿನ ಎದುರು ಕುಕ್ಕರಗಾಲಿನಲ್ಲಿ ಕೂತ.

ಹಾನಗಲ್ಲು ಮುಟ್ಟಿದಾಗ ಮಧ್ಯಾಹ್ನ. ಬಸ್‌ಸ್ಟ್ಯಾಂಡಿನ ಆಚೆ ತಗಡಿನ ಶೆಡ್ಡಿನಲ್ಲಿ ಒಬ್ಬ ಮಿಸ್ತ್ರಿ ಇದ್ದ. ಕಾಕಾ ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ ಅವನು ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪನ್ನು ಕಿತ್ತಿದ್ದ. “ನೀರಿನ ದಾರ್ಯಾಗ ಒಂದು ವಾಲ್ ಇರತೈತ್ರಿ, ಅದು ಕಚ್ಚಿಕೊಂಡೈತಿ. ತಗದು ಒಗದೇನಿ, ಇನ್ನ ಚಿಂತಿ ಬ್ಯಾಡ” ಎಂದ. ಪೈಪು ಮತ್ತೆ ಹಾಕಿ, ನೀರು ತುಂಬಿ, ಕೈ ಒರೆಸಿಕೊಂಡ. ಮುಳ್ಳು ನಡುವೆ ನಿಂತಿತ್ತು. ಕಾಕಾ ಅವನಿಗೆ ಎರಡೂ ಕೈ ಮುಗಿದ.

ಊರು ದಾಟಿ ಐದಾರು ಮೈಲು ಹೋದೆವು. ಒಂದು ಸಣ್ಣ ಸೇತುವೆಯ ಏರು ಹತ್ತಿ ಇಳಿಯುವಾಗ ಜೀಪು ಕುಲುಕಿತು. ಮುಳ್ಳು ಮತ್ತೆ ತುದಿಗೆ. ಈ ಸಲ ನಾನು ಅದನ್ನೇ ನೋಡುತ್ತಿದ್ದೆ. ಏರಲಿಲ್ಲ ಅದು, ಜಿಗಿಯಿತು. ಕಣ್ಣೆವೆ ಹಾಕುವಷ್ಟರಲ್ಲಿ ನಡುವಿನಿಂದ ತುದಿಗೆ.

ಅದೇ ಹೊತ್ತಿಗೆ ಹಿಂದಿನಿಂದ ಅಕ್ಕ, “ತಂಗಿ,” ಎಂದಳು. ಬೇರೆಯೇ ದನಿ. “ನನಗ ಬ್ಯಾನಿ ಬರಾಕತ್ತಾವ. ಹಾನಗಲ್ಲ ಬಿಟ್ಟಾಗಿಂದ ಬರಾಕತ್ತಾವ. ನೀವು ಹೆದರ್ತೀರಿ ಅಂತ ಸುಮ್ಮನಿದ್ದೆ.”

ಕಾಕಾ ಆಗಲೇ ಜೀಪು ನಿಲ್ಲಿಸಿ ಇಳಿದಿದ್ದ. ಸುತ್ತ ಬಿತ್ತಿದ ಹೊಲ, ದೂರದಲ್ಲಿ ಕೂರಿಗೆ ಹೊಡೆಯುವ ಒಂದು ಜೋಡಿ ಎತ್ತು. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ. ಆ ಜಿಗಿತ ಮಾತ್ರ ತಲೆಯಿಂದ ಹೋಗಲೊಲ್ಲದು. ಪಾತೇಲಿಯಷ್ಟು ನೀರನ್ನು ಒಲೆಯ ಮೇಲಿಟ್ಟರೂ ಕಾಯಲು ಹೊತ್ತು ಬೇಕು. ಎಂಜಿನ್ನಿನ ತುಂಬ ಇರುವ ನೀರು ಕಣ್ಣೆವೆ ಹಾಕುವಷ್ಟರಲ್ಲಿ ಹೇಗೆ ಕುದಿದೀತು?

“ಕಾಕಾ, ನೀರು ಕಾದಿಲ್ಲ. ಮುಳ್ಳು ಸುಳ್ಳು ಹೇಳಾಕತ್ತೈತಿ. ವೈರು ಎಲ್ಲೋ ಕಬ್ಬಣಕ್ಕ ಹತ್ತಾಕತ್ತೈತಿ. ಗಾಡಿ ಹೊಡಿ.”

“ಹೊಡ್ಯಾಂಗಿಲ್ಲ.”

“ಅಕ್ಕಗ ಬ್ಯಾನಿ ಬರಾಕತ್ತಾವ!”

“ಅದಕ್ಕ ಹೊಡ್ಯಾಂಗಿಲ್ಲ!” ಕಾಕಾ ಕೂಗಿದ. ಅವನು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮರುಕ್ಷಣ ದನಿ ಕುಸಿಯಿತು. “ಅವತ್ತು ಮೀಟರು ಕೆಟ್ಟಿರಲಿಲ್ಲವ್ವಾ. ನೆಟ್ಟಗಿತ್ತು. ಮುಳ್ಳು ಏರಿದ್ದು ನಾ ನೋಡಿದ್ದೆ. ಅಣ್ಣ ಎದಿ ಹಿಡಕೊಂಡು ನರಳಾಕತ್ತಿದ್ದ. ಇನ್ನ ಸ್ವಲ್ಪ ದೂರ, ಮುಟ್ಟಿಸಿಬಿಡ್ತೇನಿ ಅಂತ ಹೊಡದೆ. ನಿಲ್ಲಸಿ ನೀರು ಹಾಕಿದ್ರ ಮುಟ್ಟತಿದ್ವಿ.”

ಏಳೆಂಟು ವರ್ಷ ಅವನು ಒಬ್ಬನೇ ಹೊತ್ತಿದ್ದ ಮಾತು. ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. ಒಳಗಿನಿಂದ ಅಕ್ಕ ಹಲ್ಲು ಕಚ್ಚಿಕೊಂಡು ಹೇಳಿದಳು: “ಅಪ್ಪನ ಮಾತು ಆಮ್ಯಾಲ ಆಡೂಣು. ಈಗ ನನ್ನ ನೋಡ್ರಿ.”

ನಾನು ಸೆರಗು ಸಿಕ್ಕಿಸಿಕೊಂಡು ಬಾನೆಟ್ ಎತ್ತಿದೆ. “ನೀ ನನ್ನ ಮಾತು ನಂಬಬ್ಯಾಡ ಕಾಕಾ, ಪರೀಕ್ಷಾ ಮಾಡೂಣು. ಎಂಜಿನ್ ಬಂದ್ ಇರಲಿ, ಚಾವಿ ಅಷ್ಟ ತಿರುವು. ಮುಳ್ಳು ಏನು ಮಾಡತೈತಿ ನೋಡಿ ಹೇಳು.”

ಬೋರ್ಡಿನ ಮೇಲೆ ಸಾವಿರ ಸಲ ಬರೆದ ವೈರನ್ನು ಮುಟ್ಟಲು ಅಷ್ಟು ಹೆದರಿಕೆಯಾಗಬಾರದು. ಕಣ್ಣು ಮುಚ್ಚುವ ಹಾಗೂ ಇರಲಿಲ್ಲ. ಮೊದಲು ರಬ್ಬರ್ ಪೈಪನ್ನು ಬೆರಳಿನಿಂದ ಮುಟ್ಟಿದೆ, ಆಮೇಲೆ ಹಿಡಿದೆ. ಬಿಸಿ ಇತ್ತು, ಆದರೆ ಹಿಡಿಯಲಾರದಷ್ಟು ಇರಲಿಲ್ಲ. ನೀರು ಕುದಿಯುತ್ತಿದ್ದರೆ ಕೈ ಸುಡುತ್ತಿತ್ತು. ಆಮೇಲೆ ಹಿತ್ತಾಳೆಯ ಬಲ್ಬಿನ ತಲೆಯಿಂದ ವೈರನ್ನು ಕಿತ್ತೆ. ವೈರೇ ಇಲ್ಲದ ಮೇಲೆ ಮೀಟರಿಗೆ ಸುದ್ದಿ ಹೋಗಬಾರದು, ಮುಳ್ಳು ಎಡಕ್ಕೆ ಬಿದ್ದು ತಣ್ಣಗೆ ಮಲಗಬೇಕು.

“ಬಿತ್ತೇನು?”

“ಇಲ್ಲ. ತುದ್ಯಾಗ ನಿಂತೈತಿ.”

ಬಲ್ಬಿನ ತಪ್ಪಲ್ಲ, ನೀರಿನ ತಪ್ಪಲ್ಲ ಎಂದು ಆಗಲೇ ಖಾತ್ರಿಯಾಯಿತು. ಬಲ್ಬಿನಿಂದ ಮೀಟರಿನ ನಡುವೆ ಎಲ್ಲೋ ವೈರು ಮೈ ಬಿಚ್ಚಿಕೊಂಡು ಜೀಪಿನ ಕಬ್ಬಿಣವನ್ನು ಮುಟ್ಟುತ್ತಿದೆ; ಹಾಗೆ ಮುಟ್ಟಿದರೆ ಮೀಟರು ನೀರು ಕುದಿಯಿತೆಂದೇ ತಿಳಿಯುತ್ತದೆ. ವೈರನ್ನು ಗೇಣು ಗೇಣಾಗಿ ಬೆರಳಿನಲ್ಲಿ ಎತ್ತುತ್ತ, ಅಲುಗಿಸುತ್ತ ಹೋದೆ. ಮಣ್ಣು, ಎಣ್ಣೆ, ಜಿಗಟು. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ಕಬ್ಬಿಣದ ಗೋಡೆಯಲ್ಲಿ ಒಂದು ತೂತು, ಅದರಲ್ಲಿ ವೈರು ಒಳಗೆ ನುಸುಳುತ್ತದೆ. ತೂತಿನ ಅಂಚಿಗೆ ಇರಬೇಕಾದ ರಬ್ಬರ್ ಬಳೆ ಎಂದೋ ಉದುರಿಹೋಗಿತ್ತು. ಅಲ್ಲಿ ವೈರನ್ನು ಸ್ವಲ್ಪ ಮೇಲೆತ್ತಿದೆ.

“ಬಿತ್ತು! ಬಿತ್ತು!” ಕಾಕಾ ಒಳಗಿನಿಂದ ಕೂಗಿದ. ಕೈ ಬಿಟ್ಟೆ. “ಏರಿತು!” ಎತ್ತಿದೆ. “ಬಿತ್ತು!”

ಹತ್ತಾರು ವರ್ಷ ಕಬ್ಬಿಣದ ಅಂಚಿಗೆ ತಿಕ್ಕಿ ತಿಕ್ಕಿ ವೈರಿನ ಹೊದಿಕೆ ಸವೆದು, ಒಳಗಿನ ತಾಮ್ರ ಎರಡು ಅಕ್ಕಿಕಾಳಿನಷ್ಟು ಜಾಗದಲ್ಲಿ ಹೊಳೆಯುತ್ತಿತ್ತು. ಗುಂಡಿಗೆ ಬಿದ್ದಾಗೊಮ್ಮೆ ಅದು ಅಂಚಿಗೆ ತಾಗುತ್ತಿತ್ತು, ನಾವು ಬೇವಿನ ಮರ ಹುಡುಕುತ್ತಿದ್ದೆವು. ಚಾಕ್‌ಪೀಸಿನ ಧೂಳಿಗೆ ನನ್ನ ಬೆರಳು ಬಿರಿಯುತ್ತಿದ್ದುದರಿಂದ ಪರ್ಸಿನಲ್ಲಿ ಸದಾ ಅಂಟುಪಟ್ಟಿಯ ಸುರುಳಿ ಇಟ್ಟುಕೊಂಡಿರುತ್ತಿದ್ದೆ. ಕಾಕಾ ಚಾವಿ ತೆಗೆದ. ಬಿರಿದ ಬೆರಳಿಗೆ ಸುತ್ತುವ ಹಾಗೆಯೇ ವೈರಿಗೆ ಆರೇಳು ಸುತ್ತು ಸುತ್ತಿ, ತುದಿಯನ್ನು ಬಲ್ಬಿಗೆ ಸಿಕ್ಕಿಸಿದೆ. ಚಾವಿ ತಿರುವಿದಾಗ ಮುಳ್ಳು ಮೆಲ್ಲಗೆ ನಡುವಿಗೆ ಬಂದು ನಿಂತಿತು. ಎಂಜಿನ್ ಶುರುವಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನನ್ನ ಜಂಬಕ್ಕೆ ಮಿತಿ ಇರುತ್ತಿರಲಿಲ್ಲ. ನಾನು ಹಿಂದೆ ಅಕ್ಕನ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಬೇನೆ ಬಂದಾಗೊಮ್ಮೆ ಅವಳು ನನ್ನ ಬೆರಳುಗಳನ್ನು ಹಿಂಡುತ್ತಿದ್ದಳು. ಹಿಂಡುವುದರ ನಡುವಿನ ಹೊತ್ತು ಕಡಿಮೆಯಾಗುತ್ತಿರುವುದು ಲೆಕ್ಕವಿಲ್ಲದೆಯೂ ಗೊತ್ತಾಗುತ್ತಿತ್ತು. ಸವಣೂರು ದೂರ, ಬಂಕಾಪುರದಿಂದ ಶಿಗ್ಗಾವಿಯೇ ಹತ್ತಿರ. ಅಲ್ಲಿಯ ಆಸ್ಪತ್ರೆಗೇ ಹೋಗುವುದೆಂದು ಮಾತಾಯಿತು. ಕಾಕಾ ಗುಂಡಿ ನೋಡದೆ ಹೊಡೆಯುತ್ತಿದ್ದ. ಮುಳ್ಳು ಜಿಗಿಯಲಿಲ್ಲ.

ಬಂಕಾಪುರ ಇನ್ನೂ ಎರಡು ಮೈಲು ಇದೆ ಅನ್ನುವಾಗ ಕಾಕಾ, ತಲೆ ತಿರುಗಿಸದೆ, “ಅಕ್ಕೋರ,” ಎಂದ. ಮನೆಯಲ್ಲಿ ನನ್ನನ್ನು ಹಾಗೆ ಯಾರೂ ಕರೆಯುತ್ತಿರಲಿಲ್ಲ. “ಮುಳ್ಳು ಏರಾಕತ್ತೈತಿ.”

ಬಗ್ಗಿ ನೋಡಿದೆ. ನಡುಗೆರೆ ದಾಟಿತ್ತು.

“ನಿಮ್ಮ ಪಟ್ಟಿ ಬಿಚ್ಚಿತೇನು? ಹೊಡೀಲೋ, ನಿಲ್ಲಸ್ಲೋ? ನೀವು ಹೇಳಿದಂಗ ಮಾಡ್ತೇನಿ.”

ಅವನು ಬಹುವಚನದಲ್ಲಿ ಮಾತಾಡಿದ್ದು ಕೇಳಿ ನನಗೆ ಇನ್ನಷ್ಟು ಹೆದರಿಕೆಯಾಯಿತು. ಹೊಡಿ ಎನ್ನುವ ಮಾತು ತುಟಿಗೆ ಬಂದಿತ್ತು. ಈಗ ತಾನೇ ಮುಳ್ಳು ಸುಳ್ಳುಗಾರ ಎಂದು ಸಾಧಿಸಿ ತೋರಿಸಿದವಳು ನಾನು. ಅಕ್ಕನ ಉಗುರು ನನ್ನ ಕೈಯಲ್ಲಿ ಇಳಿದಿತ್ತು. ಆದರೂ ಇನ್ನೊಮ್ಮೆ ನೋಡಿದೆ. ಮುಳ್ಳು ಜಿಗಿದಿರಲಿಲ್ಲ. ಇರುವೆ ಹರಿದ ಹಾಗೆ, ನೋಡಿದರೂ ಕಾಣದಷ್ಟು ಮೆಲ್ಲಗೆ ಏರುತ್ತಿತ್ತು. ಒಲೆಯ ಮೇಲಿನ ನೀರು ಕಾಯುವುದು ಹೀಗೆಯೇ.

“ನಿಲ್ಲಸು ಕಾಕಾ. ಈ ಸಲ ಖರೇನ ಕಾದೈತಿ.”

ಬಾನೆಟ್ ಎತ್ತಿದಾಗ ಹಬೆ ಮುಖಕ್ಕೆ ಬಡಿಯಿತು. ಹಾನಗಲ್ಲಿನ ಶೆಡ್ಡಿನಲ್ಲಿ ಮತ್ತೆ ಹಾಕಿದ ಪೈಪಿನ ಕ್ಲಿಪ್ಪು ಸಡಿಲ ಉಳಿದಿತ್ತು. ಅಲ್ಲಿಂದ ನೀರು ತೊಟ್ಟಿಕ್ಕುತ್ತ ಬಂದು ರೇಡಿಯೇಟರು ಅರ್ಧ ಬರಿದಾಗಿತ್ತು. ಕಾಕಾ ಸ್ಕ್ರೂಡ್ರೈವರಿನಿಂದ ಕ್ಲಿಪ್ಪು ಬಿಗಿ ಮಾಡಿದ. ಎಂಜಿನ್ ಸ್ವಲ್ಪ ತಣಿಯುವವರೆಗೆ ಮುಚ್ಚಳ ತೆಗೆಯುವಂತಿರಲಿಲ್ಲ, ನೀರು ಸುರಿಯುವಂತಿರಲಿಲ್ಲ. ಆ ಕಾಲುತಾಸಿನಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ. ಅಕ್ಕ ಕಣ್ಣು ಮುಚ್ಚಿ ಅವ್ವನನ್ನು ಕರೆಯುತ್ತಿದ್ದಳು. ಕಾಕಾ ಮುಚ್ಚಳದ ಮೇಲೆ ಒದ್ದೆ ಅರಿವೆ ಹಾಕಿ ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು, ಯಾವ ದೇವರ ಹೆಸರೋ ಕೇಳಿಸಲಿಲ್ಲ. ನಿಲ್ಲಿಸಿ ತಪ್ಪು ಮಾಡಿದೆನೇ ಎಂದು ನನಗೆ ಹತ್ತು ಸಲ ಅನ್ನಿಸಿತು. ಅಪ್ಪನನ್ನು ಹಿಂದೆ ಮಲಗಿಸಿಕೊಂಡು ಕಾಕಾ ಒಬ್ಬನೇ ಇದೇ ಮಾತನ್ನು ತೂಗಿ ನೋಡಿದ ಆ ಮಧ್ಯಾಹ್ನ ನನಗೆ ಆಗ ಅರ್ಥವಾಯಿತು. ಯಾವ ಕಡೆ ತಿರುಗಿದರೂ ಹೆದರಿಕೆ. ಅವನು ಹೆದರಿ ಒಂದು ಕಡೆ ತಿರುಗಿದ್ದ, ಅಷ್ಟೇ.

“ನಾನಿದ್ರೂ ಅವತ್ತು ಹೊಡೀತಿದ್ದೆ ಕಾಕಾ,” ಎಂದೆ.

ಅವನು ನನ್ನ ಕಡೆ ನೋಡದೆ ಮುಚ್ಚಳ ತಿರುವಿದ. ಅಕ್ಕನ ಅತ್ತೆ ಕೊಟ್ಟ ಕ್ಯಾನಿನ ನೀರು ಅಷ್ಟೂ ಸ್ವಲ್ಪ ಸ್ವಲ್ಪವಾಗಿ ಒಳಗೆ ಇಳಿಯಿತು.

ಶಿಗ್ಗಾವಿಯ ಆಸ್ಪತ್ರೆಯ ಮುಂದೆ ಜೀಪು ನಿಂತಾಗ ಬಿಸಿಲು ಇಳಿದಿರಲಿಲ್ಲ. ಸ್ಟ್ರೆಚರು ಬರುವ ಮೊದಲೇ ಅಕ್ಕ ಇಳಿದು ನಡೆಯತೊಡಗಿದ್ದಳು. ಎಣ್ಣೆ ಮೆತ್ತಿದ ನನ್ನ ಕೈ ನೋಡಿ ನರ್ಸು, “ನೀವು ಯಾರ್ರಿ, ಡ್ರೈವರೇನು?” ಎಂದು ಕೇಳಿ ಹೊರಗೇ ನಿಲ್ಲಿಸಿದಳು. ಅರ್ಧ ತಾಸಿನಲ್ಲಿ ಒಳಗಿನಿಂದ ಅಳು ಕೇಳಿಸಿತು. ತೆಳ್ಳಗೆ, ಸಿಟ್ಟಿನಿಂದ, ಬಿಡದೆ. ಹೆಣ್ಣುಕೂಸು. ದಿನ ತುಂಬುವ ಮೊದಲೇ ಬಂದದ್ದರಿಂದ ಸಣ್ಣದಿತ್ತು. ಎರಡು ವಾರ ಅಲ್ಲೇ ಇಟ್ಟುಕೊಂಡು ಕಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಕಾಕಾನಿಗೆ ತಿಳಿಸಲಿಲ್ಲ.

ಆ ವರ್ಷದ ದೀಪಾವಳಿಯ ರಜೆಯಲ್ಲಿ ಕಾಕಾ ನನಗೆ ಜೀಪು ಹೊಡೆಯಲು ಕಲಿಸಿದ. ಹೆಂಗಸು ಜೀಪು ಹೊಡೆಯುವುದನ್ನು ನೋಡಲು ಜನ ಕಟ್ಟೆಗಳ ಮೇಲೆ ಸೇರುತ್ತಿದ್ದರು. ಮೊದಲ ದಿನವೇ ನಾನು ಅವರ ನಿರೀಕ್ಷೆಗೆ ಸರಿಯಾಗಿ ಜೋಳದ ಕಣಕಿಯ ಒಂದು ಬಣವೆಗೆ ಜೀಪಿನ ಮೂತಿ ಹೊಗಿಸಿದೆ. ಬಣವೆಯ ಯಜಮಾನ, “ಅಕ್ಕೋರ, ದಾರಿ ಈ ಕಡೆ ಐತ್ರಿ” ಎಂದು ಬಹಳ ಮರ್ಯಾದೆಯಿಂದ ಹೇಳಿದ. ಗೇರು, ಕ್ಲಚ್ಚು, ಬ್ರೇಕು ಎಂದು ಕಾಕಾ ಒಂದೇ ಸಮನೆ ಒದರುತ್ತಿದ್ದ. ಎದುರಿಗೆ ಎಮ್ಮೆ ಬಂದರೆ ನಾನು ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಖಕ್ಕೆ ಮುಚ್ಚಿಕೊಳ್ಳುತ್ತಿದ್ದೆ.

ಹದಿನೈದು ದಿನದ ಮೇಲೆ ಸವಣೂರಿನಿಂದ ಹುಲಗೂರಿನ ಕಡೆಗೆ ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಜೀಪು ಹೊಡೆದೆ. ಎರಡೂ ಕಡೆ ಹತ್ತಿ ಬಿರಿದಿತ್ತು. ಎತ್ತಿನ ಬಂಡಿಯೊಂದನ್ನು ದಾಟಿಸಿ, ಒಂದು ತಿರುವು ತಿರುಗಿಸಿ, ನನ್ನ ಪ್ರತಾಪಕ್ಕೆ ನಾನೇ ಬೆರಗಾಗಿ, ಕಾಕಾ ಏನಾದರೂ ಹೊಗಳಲಿ ಎಂದು ಕಾದೆ. ಸಿಟ್ಟಾದನೇನೋ, ಗೇರು ತಪ್ಪಿತೇನೋ ಎಂದು ಅಳುಕುತ್ತ ಪಕ್ಕಕ್ಕೆ ನೋಡಿದೆ.

ಎಂದೂ ಮುಳ್ಳಿನಿಂದ ಕಣ್ಣು ತೆಗೆಯದಿದ್ದ ಕಾಕಾ ತಲೆಯನ್ನು ಸೀಟಿನ ಕಂಬಿಗೆ ಆನಿಸಿ, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದ. ನಾನು ಗೇರು ಬದಲಿಸುವುದನ್ನೂ ಬಿಟ್ಟು, ಅವನಿಗೆ ಎಚ್ಚರವಾಗದ ಹಾಗೆ, ಅದೇ ವೇಗದಲ್ಲಿ ಹೋಗುತ್ತಲೇ ಇದ್ದೆ.